ಚೊಕ್ಕದ್ದು ಮೊದಲು

ರೊಟ್ಟಿ ಮುರಿದು ಬಾಯಿಗೆ ಒಯ್ಯುವಷ್ಟರಲ್ಲಿ ಪಂಪಾವತಿಗೆ ತನ್ನ ಬೆರಳಿನದೇ ವಾಸನೆ ಬಂತು. ರಾತ್ರಿ ಲೈಸಾಲಿನಲ್ಲಿ ತೊಳೆದದ್ದು, ಏಳುತ್ತಲೇ ಕೆಂಪು ಔಷಧದ ನೀರಿನಲ್ಲಿ ಅದ್ದಿದ್ದು, ಮತ್ತೆ ಸೀಗೆಪುಡಿ ಹಚ್ಚಿ ತಿಕ್ಕಿದ್ದು ಎಲ್ಲ ದಂಡವಾಗಿ, ನಿನ್ನೆಯ ಕೀವು ಉಗುರಿನ ಸಂದಿಯಲ್ಲೇ ಕೂತಿತ್ತು. ಅಥವಾ ಅಲ್ಲಿರಲಿಲ್ಲ, ಮೂಗಿನೊಳಗೇ ಮನೆ ಮಾಡಿತ್ತು. ಎಲ್ಲಿದ್ದರೇನು, ರೊಟ್ಟಿಯಂತೂ ಗಂಟಲಲ್ಲಿ ಇಳಿಯುವುದಿಲ್ಲ. ಥೂ, ಇದೂ ಒಂದು ಬಾಳೇವೇ ಅಂದುಕೊಂಡು ತಾಟು ಸರಿಸಿದಳು. ದವಾಖಾನೆಯ ಆಯಾ ಪಕ್ಕೀರವ್ವ ಅದಕ್ಕೇ ಕಾದವಳ ಹಾಗೆ ತಾಟು ಎಳೆದುಕೊಂಡು, “ದಿನಾ ಹಿಂಗ ಉಪಾಸ ಬಿದ್ರ ಒಂದಿನ ನೀವ ಹಾಸಿಗಿ ಹಿಡೀತೀರಿ ನೋಡ್ರಿ ಅಕ್ಕಾರ. ಹೇಸಿಗಿ ಪಡೋರು ಈ ಕೆಲಸಕ್ಕ ಬರಬಾರದ್ರಿ,” ಅಂದಳು. ಮಾತಿನ ನಡುವೆ ರೊಟ್ಟಿ ಅಗಿಯುವ ಸಪ್ಪಳ. ಪಂಪಾವತಿ ಮುಖ ತಿರುಗಿಸಿ, ಮೇಲ್ದುಟಿಗೆ ಒಂದು ಹನಿ ನೀಲಗಿರಿ ಎಣ್ಣೆ ಸವರಿಕೊಂಡು ಎದ್ದಳು.

ಕುಷ್ಟಗಿಯಿಂದ ಯಲಬುರ್ಗಿಗೆ ಹೋಗುವ ದಾರಿಯ ಮೇಲೆ ವರ್ತಕರು ಕೂಡಿ ಕಟ್ಟಿಸಿದ ಧರ್ಮದವಾಖಾನೆ ಅದು. ಡಾಕ್ಟರ ಸಾಹೇಬರು ಔಷಧ ತರಲು ರಾಯಚೂರಿಗೆ ಹೋದವರು ಇನ್ನೂ ಬಂದಿರಲಿಲ್ಲ. ಜರ್ಮನಿಯ ಯುದ್ಧ ಸುರುವಾದಾಗಿನಿಂದ ಹತ್ತಿಯೂ ಇಲ್ಲ, ಸ್ಪಿರಿಟ್ಟೂ ಇಲ್ಲ. ಹಳೆಯ ಧೋತರ ಹರಿದು ಕುದಿಸಿ ಪಟ್ಟಿ ಮಾಡಿಕೊಳ್ಳಬೇಕಾಗಿತ್ತು. ಕಪಾಟಿನಲ್ಲಿ ಧನುರ್ವಾಯುವಿನ ಸೀರಮ್ಮು ಒಂದೇ ಒಂದು ಶೀಸೆ ಉಳಿದಿತ್ತು. ತುಕ್ಕು ಮೊಳೆ ತುಳಿದವರಿಗೆ ಬ್ಯಾನಿ ಬರದಂತೆ ಚುಚ್ಚುವುದೂ ಅದೇ, ದವಡೆ ಗಂಟುಬಿದ್ದು ಮೈ ಸೆಟೆದವರಿಗೆ ಕೊಡುವುದೂ ಅದೇ. ಸೆಟೆದವರಿಗೆ ಒಂದು ಶೀಸೆ ಸಾಲದು; ಆದರೂ ಬೇಗ ಬಿದ್ದರೆ, ಇನ್ನೊಂದು ಬರುವ ತನಕ ಜೀವ ಹಿಡಿದೀತು. ನೋಡಿಕೊಂಡು ಖರ್ಚು ಮಾಡು ತಾಯಿ ಅಂತ ಸಾಹೇಬರು ಕಪಾಟಿನ ಕೀಲಿಯನ್ನು ನರ್ಸು ಪಂಪಾವತಿಯ ಕೈಗೆ ಹಾಕಿ ಹೋಗಿದ್ದರು. ಆ ಕೀಲಿ ಕೂತರೆ ನಿಂತರೆ ಸೊಂಟಕ್ಕೆ ಒತ್ತುತ್ತಿತ್ತು.

ಪಡಸಾಲೆಯಲ್ಲಿ ಜನ ಆಗಲೇ ತಮ್ಮ ತಮ್ಮ ಜಾಗ ಹಿಡಿದು ಕೂತಿದ್ದರು. ಇಲ್ಲಿ ಕೂಡು, ಅಲ್ಲಿ ಕೂಡು ಅಂತ ಯಾರೂ ಹೇಳಬೇಕಾಗಿರಲಿಲ್ಲ. ಬಾಗಿಲ ಪಕ್ಕದ ಬಾಕಿನ ಮೇಲೆ ಸಾವಕಾರ ಕೊಟ್ರಪ್ಪ, ಅವನ ಕೆಳಗೆ ಚಾಪೆಯ ಮೇಲೆ ಕೈ ಸುಟ್ಟುಕೊಂಡ ಶೆಟ್ಟರ ಹುಡುಗಿ, ನೆಲದ ಮೇಲೆ ಒಕ್ಕಲಿನವರು, ಕುರು ಎದ್ದ ಮುದುಕರು, ಕಡೆಯ ಕಂಬದ ಆಚೆ ಅರ್ಧ ನೆರಳು ಅರ್ಧ ಬಿಸಿಲಲ್ಲಿ ಕೆಳಗಿನ ಕೇರಿಯ ಸಣ್ಣಪ್ಪ ಮತ್ತು ಅವನ ಹೆಂಡತಿ ಹುಲಿಗವ್ವ. ನಿನ್ನೆಯೂ ಇಬ್ಬರೂ ಅದೇ ಕಂಬಕ್ಕೆ ಕೂತಿದ್ದರು. ಅವರ ಪಾಳಿ ಬರುವಷ್ಟರಲ್ಲಿ ಹೊತ್ತು ಮುಳುಗಿ, ನಾಳೆ ಬರ್ರಿ ಅಂತ ಪಕ್ಕೀರವ್ವ ಕೂಗಿ ಬಾಗಿಲು ಹಾಕಿದ್ದಳು. ಪಂಪಾವತಿ ಒಳಗೆ ಕೈ ತೊಳೆಯುತ್ತ ಅದನ್ನು ಕೇಳಿಸಿಕೊಂಡಿದ್ದಳು, ಕೇಳಿಸಿಕೊಂಡು ಸದ್ಯ ತಪ್ಪಿತಲ್ಲ ಅಂತ ಉಸಿರು ಬಿಟ್ಟಿದ್ದಳು. ಹುಲಿಗವ್ವನ ಕಾಲಲ್ಲಿ ನಾರುಹುಣ್ಣು. ಬಾವಿಯ ನೀರು ಕುಡಿದವರ ಹೊಟ್ಟೆ ಸೇರಿ, ವರ್ಷ ತುಂಬುವುದರೊಳಗೆ ಮೀನಖಂಡ ಒಡೆದು ಹೊರಗೆ ಬರುವ ಬಿಳಿಯ ಎಳೆಯಂಥ ಹುಳ. ಅದನ್ನು ಕಡ್ಡಿಗೆ ಸುತ್ತುತ್ತ ದಿನಕ್ಕಿಷ್ಟು ಎಳೆಯಬೇಕು. ಅದನ್ನು ನೆನೆಸಿದರೇ ಪಂಪಾವತಿಯ ನಾಲಿಗೆಯಡಿ ಹುಳಿನೀರು ಊರುತ್ತಿತ್ತು.

ಆದರೆ ಹೇಸಿಗೆಗೆ ಹೆದರಿ ಆಕೆಯನ್ನು ಕಡೆಗೆ ಇಟ್ಟೆ ಅಂತ ಯಾರಾದರೂ ಅಂದರೆ ಪಂಪಾವತಿ ಒಪ್ಪುತ್ತಿರಲಿಲ್ಲ. ಅದು ಕಾಯಿದೆ. ಹೈದರಾಬಾದಿನಲ್ಲಿ ನರ್ಸಿನ ಕೆಲಸ ಕಲಿಯುವಾಗ ಸಿಸ್ಟರ್ ಕಲಿಸಿದ್ದು: ಪಟ್ಟಿ ಕಟ್ಟುವಾಗ ಚೊಕ್ಕ ಗಾಯ ಮೊದಲು, ಕೀವಿನ ಗಾಯ ಆಮೇಲೆ, ಕೊಳೆತದ್ದು ಎಲ್ಲಕ್ಕೂ ಕಡೆಗೆ. ಕೊಳೆತದ್ದನ್ನು ಮುಟ್ಟಿದ ಕೈ ಚೊಕ್ಕದ್ದನ್ನು ಮುಟ್ಟಬಾರದು. ಉಳಿದ ಹುಡುಗಿಯರು ಗಟ್ಟು ಹೊಡೆಯುತ್ತಿದ್ದರು, ಪಂಪಾವತಿಗೆ ಮಾತ್ರ ತವರಿನ ಮಾತು ಕೇಳಿದಂತಾಗಿತ್ತು. ಕೊಪ್ಪಳದ ಮಗ್ಗುಲಿನ ಭಾಗ್ಯನಗರದ ತವರುಮನೆಯಲ್ಲಿ ದೊಡ್ಡವ್ವ ಶಂಕ್ರಮ್ಮ ನೀರು ಹಂಚುತ್ತಿದ್ದುದೂ ಹಾಗೇ. ಮೊದಲ ಕೊಡ ದೇವರ ಕೋಣೆಗೆ, ಆಮೇಲೆ ಅಡಿಗೆಮನೆಗೆ, ಆಮೇಲೆ ಗಂಡಸರ ಜಳಕಕ್ಕೆ, ಉಳಿದದ್ದು ಹೆಂಗಸರಿಗೆ, ಅದರಲ್ಲೂ ಉಳಿದದ್ದು ಹಿತ್ತಲಲ್ಲಿ ಕೈಯೊಡ್ಡಿ ನಿಂತವರಿಗೆ. ಗಂಡ ಸತ್ತು ಪಂಪಾವತಿ ತವರಿಗೆ ಬಂದಾಗ ಆ ಸಾಲಿನಲ್ಲಿ ಅವಳ ಜಾಗ ಒಂದು ಮೆಟ್ಟಿಲು ಕೆಳಗೆ ಹೋಗಿತ್ತು. ಆಗ ಆದ ಅವಮಾನಕ್ಕೆ ಅವಳು ಸಾಲನ್ನು ಬೈಯಲಿಲ್ಲ, ತನ್ನ ಕೆಳಗೆ ಯಾರಿದ್ದಾರೆ ಅಂತ ನೋಡಿಕೊಂಡಳು. ಛೀ, ಈಗೇಕೆ ಅದೆಲ್ಲ! ಸೂಜಿ ಕುದಿಯುತ್ತಿತ್ತು, ಕೊಟ್ರಪ್ಪ ಕೆಮ್ಮಿ ತಾನಿದ್ದೇನೆಂದು ತಿಳಿಸಿದ.

“ಏನಿಲ್ಲ ತಂಗೆವ್ವಾ, ನಿನ್ನೆ ಮೋಟಾರ ಹಲಗಿ ಇಳಸೋ ಮುಂದ ಒಂದು ಮೊಳಿ ಚುಚ್ಚಿತು. ಸಣ್ಣದರಿ. ಮನ್ಯಾಗ ಹೆಣಮಕ್ಕಳು ಗದ್ದಲ ಹಾಕ್ಯಾರ, ಅದಕ್ಕ ಬಂದೆ,” ಅಂತ ಅವನು ಕಾಲನ್ನು ಸ್ಟೂಲಿನ ಮೇಲೆ ಚಾಚಿದ. ಕುಷ್ಟಗಿಯಿಂದ ಕೊಪ್ಪಳಕ್ಕೆ ಓಡುವ ಇದ್ದಲಿ ಗ್ಯಾಸಿನ ಮೋಟಾರು ಅವನದು, ಅಂಗಳದ ಆಚೆ ನಿಂತಿತ್ತು. ಚಂದನದ ಸಾಬೂನಿನಲ್ಲಿ ತೊಳೆದು ಬಂದ ಕಾಲು; ಕತ್ತರಿಸಿದ ಉಗುರು ಬೆಳ್ಳಗಿದ್ದವು. ಅಂಗಾಲಲ್ಲಿ ಎಳ್ಳಿನಷ್ಟು ಕಪ್ಪು ಚುಕ್ಕೆ. ಇಂಥ ಕಾಲನ್ನು ಹಿಡಿಯಲು ಪಂಪಾವತಿಗೆ ಹಿತವಾಯಿತು, ಹಿತವಾಯಿತಲ್ಲ ಅಂತ ಒಳಗೊಳಗೇ ಅಸಹ್ಯವೂ ಆಯಿತು. ಎಲೆಅಡಿಕೆಯ ರಸ ನುಂಗುವಾಗ ಅವನ ಗಂಟಲಮಣಿ ಮೇಲೆ ಕೆಳಗೆ ಆಡುತ್ತಿತ್ತು. ತುಕ್ಕು ಮೊಳೆ, ಮುಚ್ಚಿಕೊಂಡ ತೂತು. ಸೀರಮ್ ಕೊಡಬೇಕು, ಪುಸ್ತಕದಲ್ಲಿದ್ದದ್ದೇ ಅದು. ಅವಳು ಕಪಾಟು ತೆರೆದು ಶೀಸೆ ತೆಗೆದಳು.

ಶೀಸೆಯ ಕುತ್ತಿಗೆಗೆ ಅರ ಹಚ್ಚಿ ತಿಕ್ಕುತ್ತಿದ್ದಾಗ ಸಣ್ಣಪ್ಪ ಕಂಬದ ಈಚೆಗೆ ಬಂದು, ಮುಂದೆ ಬರಲಾರದೆ ಅಲ್ಲೇ ನಿಂತು ಕೈಮುಗಿದ. “ಯವ್ವಾ, ನಿನ್ನಿಯಿಂದ ನೀರ ಕುಡಿಯವಲ್ಲಳ್ರಿ ಅಕಿ. ಒಂದು ಗುಟುಕ ಹೋಗಿಲ್ರಿ.”

ಪಂಪಾವತಿ ತಲೆ ಎತ್ತಿ ನೋಡಿದಳು. ಸಾಲಿನ ಆ ತುದಿಯಲ್ಲಿ ಹುಲಿಗವ್ವ ಕಂಬಕ್ಕೆ ಬೆನ್ನು ಹಚ್ಚಿ, ಕತ್ತು ನೆಟ್ಟಗೆ ಮಾಡಿಕೊಂಡು, ಇವಳನ್ನೇ ನೋಡುತ್ತ ನಗುತ್ತಿದ್ದಳು. ಹಲ್ಲೆಲ್ಲ ಕಾಣುವ ನಗೆ. ಗುರುತಿಲ್ಲದ ದೊಡ್ಡವರ ಮುಂದೆ, ಅಂಗಲಾಚಿ ಏನಾದರೂ ಕೇಳುವ ಮುಂಚೆ ಕಿರಿಯುವ ಹಲ್ಲು. ಈ ನಗೆಯನ್ನು ಪಂಪಾವತಿ ಹಿತ್ತಲ ಬಾಗಿಲಲ್ಲಿ ಸಣ್ಣಂದಿನಿಂದ ನೋಡಿದ್ದಳು, ಅದರಷ್ಟು ಓಕರಿಕೆ ತರುವುದು ಕೀವೂ ಅಲ್ಲ. ನೀರು ಯಾಕೆ ಕುಡಿಯುವುದಿಲ್ಲ ಅನ್ನುವುದೂ ಗೊತ್ತಿದ್ದದ್ದೇ: ಪಡಸಾಲೆಯಲ್ಲಿ ಇರುವುದು ಒಂದೇ ನೀರಿನ ಹರವಿ, ಅದನ್ನು ಆಕೆ ಮುಟ್ಟುವ ಹಾಗಿಲ್ಲ, ಕೇಳಲು ಸಂಕೋಚ, ಪಕ್ಕೀರವ್ವ ತಾನಾಗಿ ಹಾಕುವವಳಲ್ಲ. ತನ್ನ ಮನಸ್ಸು ದೊಡ್ಡದು ಅಂತ ಆ ಗಳಿಗೆಯಲ್ಲಿ ಪಂಪಾವತಿಗೆ ಅನ್ನಿಸಿತು. “ಪಕ್ಕೀರವ್ವಾ, ಅಕಿಗೆ ಮ್ಯಾಲಿಂದ ನೀರ ಹಾಕು,” ಅಂದಳು. ಸಣ್ಣಪ್ಪನಿಗೆ, “ನಿಮ್ಮ ಪಾಳಿ ಬರತೈತಿ, ಕುಂದರು ಹೋಗು,” ಅಂದಳು. ಶೀಸೆಯ ಕುತ್ತಿಗೆ ಟಕ್ಕನೆ ಮುರಿಯಿತು. ಸೀರಮ್ ಪೂರಾ ಸೂಜಿಗೆ ಏರಿ, ಕೊಟ್ರಪ್ಪನ ತುಂಬು ತೋಳಿನೊಳಗೆ ಇಳಿಯಿತು. “ಹಗೂರ್ಕ ಅದಾವ ನೋಡ್ರಿ ಕೈ, ಚುಚ್ಚಿದ್ದ ಗೊತ್ತಾಗಲಿಲ್ಲ,” ಅಂದ ಅವನು. ಹೊಗಳಿಕೆಗೆ ಅವಳ ಮುಖ ಬೆಚ್ಚಗಾಯಿತು. ಮೈಗೆ ಒಗ್ಗದೆ ಹೋದರೆ ತಿಳಿಯಬೇಕು, ಸ್ವಲ್ಪ ಹೊತ್ತು ಇಲ್ಲೇ ಕೂತಿರಿ ಅಂದಳು.

ಪಕ್ಕೀರವ್ವ ತಂಬಿಗೆ ಹಿಡಿದು ವಾಪಸು ಬಂದಳು. “ಹಾಕಿದ್ನಿರಿ. ಒಂದ ಹನಿ ಕುಡೀಲಿಲ್ಲ, ಎಲ್ಲಾ ಎದಿಮ್ಯಾಲ ಸುರುವಿಕೊಂಡ್ಲು. ಮ್ಯಾಲ ನಗತಾಳ! ಸೊಕ್ಕು ನೋಡ್ರಿ ಅಕ್ಕಾರ, ಹಾಕಿದೋರಿಗೆ ಕಿಮ್ಮತ್ತಿಲ್ಲ.” ಹೌದು, ಸೊಕ್ಕೇ ಅಂದುಕೊಂಡಳು ಪಂಪಾವತಿ. ತಲೆ ಬಗ್ಗಿಸುವುದಿಲ್ಲ, ಮದುಮಗಳ ಹಾಗೆ ಬೆನ್ನು ನೆಟ್ಟಗೆ ಮಾಡಿ ಕೂತಿದ್ದಾಳೆ. ಹಲ್ಲು ಕಿರಿಯುವುದೂ ಅದೇ ಬಾಯಿ, ನೀರು ಉಗುಳುವುದೂ ಅದೇ ಬಾಯಿ. ಶೆಟ್ಟರ ಹುಡುಗಿಯ ಕೈಗೆ ಎಣ್ಣೆ ಸವರುವಾಗ, ಒಕ್ಕಲಿಗನ ಮೊಣಕಾಲು ತೊಳೆಯುವಾಗ, ಮುದುಕನ ಕುರು ಹಿಂಡುವಾಗ, ಪ್ರತಿ ಸಲ ಕಣ್ಣೆತ್ತಿದಾಗಲೂ ಆ ನಗೆ ಅಲ್ಲೇ ಇತ್ತು. ಒಬ್ಬೊಬ್ಬರು ಮುಗಿದಂತೆ ಅದು ಹತ್ತಿರ ಬರುತ್ತಿತ್ತು. ಇಷ್ಟು ಹೊತ್ತು ಯಾರಾದರೂ ನಗುತ್ತಾರೇನು ಅನ್ನುವ ಪ್ರಶ್ನೆ ಒಮ್ಮೆ ಬಂತು. ಬಂದದ್ದು ನಿಜ. ಮುದುಕನ ಕುರುವಿನಿಂದ ಕೀವು ಚಿಮ್ಮಿ ಮುಂಗೈಗೆ ಬಡಿಯಿತು, ಪ್ರಶ್ನೆ ಅಲ್ಲೇ ಬಿದ್ದುಹೋಯಿತು.

ಕಡೆಗೆ ಹುಲಿಗವ್ವನ ಮುಂದೆ ಕುಕ್ಕರುಗಾಲಲ್ಲಿ ಕೂತಳು. ಉಸಿರು ಬಿಗಿಹಿಡಿದು ಚಿಂದಿ ಬಿಚ್ಚಿದಳು. ನೊಣ ಎದ್ದವು. ನಾರಿನ ಎಳೆಯನ್ನು ಯಾರೋ ಜಗ್ಗಿ ಹರಿದಿದ್ದರು; ಹರಿದ ತುದಿ ಒಳಗೇ ಸೇರಿ ಮೀನಖಂಡ ಪೂರಾ ಬಾತು ಹಸಿರುಗಪ್ಪಾಗಿತ್ತು, ಮೇಲೆ ಒಣಗಿದ ಸಗಣಿಯ ಹಕ್ಕಳೆ. “ನಾನ ಜಗ್ಗಿದ್ನಿರಿ ಯವ್ವಾ,” ಅಂದ ಸಣ್ಣಪ್ಪ ಹಿಂದಿನಿಂದ, “ಲಗೂ ಬರ್ಲಿ ಅಂತ. ಹರೀತು. ಸಗಣಿ ಸುಣ್ಣ ಕಲಿಸಿ ಕಟ್ಟಿದೆ. ತಪ್ಪಾತೇನ್ರಿ?” ಪಂಪಾವತಿ ಮುಖ ಒಂದು ಕಡೆ ತಿರುಗಿಸಿ ಚಿಮಟಕ್ಕೆ ಕೈ ಹಾಕಿದಳು. ಚಿಮಟ ಕೈಜಾರಿ ತಗಡಿನ ತಟ್ಟೆಯೊಳಗೆ ಠಣ್ ಅಂತ ಬಿತ್ತು.

ಆ ಸಪ್ಪಳಕ್ಕೆ ಹುಲಿಗವ್ವನ ಮೈ ಎದ್ದಿತು. ತಾನಾಗಿ ಎದ್ದದ್ದಲ್ಲ, ಯಾರೋ ಒಳಗಿನಿಂದ ಹಗ್ಗ ಬಿಗಿದ ಹಾಗೆ ಬೆನ್ನು ಬಿಲ್ಲಾಗಿ, ಕಂಬ ಬಿಟ್ಟು, ತಲೆ ಹಿಂದಕ್ಕೆ ಹೋಗಿ ನೆಲಕ್ಕೆ ಬಡಿಯಿತು. ಹಲ್ಲು ಕಟಕಟ ಕಡಿದವು. ನಗೆ ಇನ್ನೂ ಅಗಲವಾಯಿತು. ಅದರ ಮೇಲೆ ಎರಡು ಕಣ್ಣು, ಹೆದರಿ ಹೆದರಿ ಒಣಗಿದ ಕಣ್ಣು, ಪಂಪಾವತಿಯನ್ನೇ ನೋಡುತ್ತಿದ್ದವು. ಅವುಗಳಲ್ಲಿ ನಗೆಯ ಸುಳಿವೂ ಇರಲಿಲ್ಲ; ಬಾಯಿಯದು ನಗೆಯಲ್ಲ, ಧನುರ್ವಾಯುವಿಗೆ ಗಂಟುಬಿದ್ದ ದವಡೆ. ಬೆಳಗಿನಿಂದ ಅವು ಹೀಗೇ ನೋಡುತ್ತಿದ್ದವು, ಇವಳು ನೋಡಿದ್ದು ಹಲ್ಲನ್ನು.

ಸಿಸ್ಟರ್ ಇನ್ನೊಂದು ಮಾತೂ ಹೇಳಿದ್ದಳು. ಯಾರನ್ನೂ ಮುಟ್ಟುವ ಮುಂಚೆ ಬರಿಗೈಯಲ್ಲಿ ಸಾಲಿನ ಈ ತುದಿಯಿಂದ ಆ ತುದಿಗೆ ಒಮ್ಮೆ ನಡೆದು ಬಾ, ಪ್ರತಿಯೊಬ್ಬರ ಮುಖ ನೋಡು, ಕಿರಿಚುವವರನ್ನು ಬಿಟ್ಟು ಸುಮ್ಮನಿರುವವರನ್ನು ನೋಡು. ಆಮೇಲೆ ಚೊಕ್ಕ, ಆಮೇಲೆ ಹೊಲಸು. ಈ ಮಾತಿಗೆ ತವರಿನಲ್ಲಿ ಜೋಡಿ ಇರಲಿಲ್ಲ. ದೊಡ್ಡವ್ವ ಯಾವತ್ತೂ ಹಿತ್ತಲಿಗೆ ಹೋಗಿ ಮುಖ ನೋಡಿ ಬಂದು ನೀರು ಹಂಚಿದವಳಲ್ಲ. ಹಾಗಾಗಿ ಒಂದು ಮಾತು ಪಂಪಾವತಿಯ ಮೈಗೆ ಹತ್ತಿತು, ಇನ್ನೊಂದು ಪರೀಕ್ಷೆ ಮುಗಿದ ದಿನವೇ ಉದುರಿತು. ಈ ದವಾಖಾನೆಗೆ ಬಂದಾಗಿನಿಂದ ಒಮ್ಮೆಯೂ ಆ ತುದಿಗೆ ಬರಿಗೈಯಲ್ಲಿ ನಡೆದು ಹೋಗಿರಲಿಲ್ಲ. ಹೇಸಿಗೆಗೆ ಕಾಯಿದೆಯ ಸೀರೆ ಉಡಿಸಿ ತಿರುಗಿದೆನಲ್ಲ ಅನ್ನಿಸಿ, ತಾನೇ ತನಗೆ ಅಸಹ್ಯವಾಗಿ ಕಂಡಳು. ನಿನ್ನೆ ಬಾಗಿಲು ಹಾಕುವಾಗಲೂ ಶೀಸೆ ಕಪಾಟಿನಲ್ಲೇ ಇತ್ತು. ಈಗ ಅದು ಕೊಟ್ರಪ್ಪನ ತೋಳಿನಲ್ಲಿತ್ತು.

ಕೊಟ್ರಪ್ಪ ಬಾಕಿನ ಮೇಲೆ ತೋಳು ಸವರಿಕೊಳ್ಳುತ್ತ ಕೂತೇ ಇದ್ದ. “ಸಾವಕಾರ್ರ, ನಿಮ್ಮ ಮೋಟಾರ ಈಗಿಂದೀಗ ಕೊಪ್ಪಳಕ್ಕ ಕಳಸಬೇಕ್ರಿ,” ಅಂದಳು.

“ಯಾಕ್ರಿ? ನನಗೇನರ ಆತೇನು?” ಅಂತ ಅವನು ಅರ್ಧ ಎದ್ದ.

“ನಿಮಗಲ್ರಿ. ಹುಲಿಗವ್ವಗ ದವಡಿ ಹಿಡದೈತಿ. ಸೀರಮ್ ತರಬೇಕು.”

ಅವನು ಮತ್ತೆ ಕೂತ. ಮುಖದಲ್ಲಿ ನೆಮ್ಮದಿ ಕಂಡಿತು. “ಪಾಪ. ಸಂಜೀಕ ಹೆಂಗೂ ಗಾಡಿ ಹೋಗತೈತಲ್ರಿ, ಡ್ರೈವರ ಶಾಮೀದಸಾಬಗ ಹೇಳಿದ್ರಾತು, ನಾಳೆ ಬರೋ ಮುಂದ ತರತಾನ. ಈಗ ಇದ್ದಲಿ ಹಾಕಿ ಗ್ಯಾಸ ಎಬ್ಬಿಸಿ, ಒಬ್ಬರ ಸಲುವಾಗಿ ಖಾಲಿ ಗಾಡಿ... ನೀವ ಹೇಳ್ರಿ ತಂಗೆವ್ವಾ.” ಅವನು ಕೆಟ್ಟವನಾಗಿರಲಿಲ್ಲ. ನಿಜಕ್ಕೂ ಅವಳ ಅಭಿಪ್ರಾಯ ಕೇಳುತ್ತಿದ್ದ, ಅವಳೂ ತನ್ನ ಕಡೆಯವಳೇ ಅಂತ. ಬೆಳಗಿನ ಲೆಕ್ಕದಲ್ಲಿ ಅವಳು ಅವನ ಕಡೆಯವಳೇ ಆಗಿದ್ದಳು. ಇವನ ಕಾಲಿಗೆ ಬಿದ್ದರೂ ಬೀಳಬೇಕು ಅಂತ ಬಗ್ಗಿದಳು, ಆದರೆ ಬಗ್ಗಿದ ಬಾಯಿಂದ ಬೇರೆಯೇ ಮಾತು ಬಂತು. “ನಿಮಗೂ ಇನ್ನೊಂದು ಸೂಜಿ ಬೇಕಾಗತೈತ್ರಿ. ಒಂದಕ್ಕ ಮುಗಿಯಂಗಿಲ್ಲ. ತಡಾ ಆದ್ರ ನಿಮ್ಮ ದವಡೀನೂ ಹಿಂಗ ಹಿಡೀತೈತಿ. ಬೇಕಾರ ಹೋಗಿ ಅಕಿ ಮುಖಾ ನೋಡಿ ಬರ್ರಿ.”

ಅವನು ನೋಡಲು ಹೋಗಲಿಲ್ಲ. ಕುಂಟುತ್ತ ಅಂಗಳಕ್ಕಿಳಿದು, “ಏ ಶಾಮೀದಾ, ಗ್ಯಾಸ ಎಬ್ಬಿಸೋ! ಕೊಪ್ಪಳದಾಗ ಸಿಗಲಿಲ್ಲಂದ್ರ ಹಿಟ್ನಾಳದ ಮ್ಯಾಲೆ ಹೊಸಪೇಟಿಗೆ ಹೋಗು, ಖಾಲಿ ಕೈಲೆ ಬರಬ್ಯಾಡ,” ಅಂತ ಕೂಗಿದ. ಅಂಗಳದ ಆಚೆ ಹೊಗೆ ಎದ್ದಿತು, ಆಮೇಲೆ ಮೋಟಾರು ಕೆಮ್ಮುತ್ತ ಹೊರಟಿತು. ಅಪ್ಪಟ ಸುಳ್ಳು ಎಷ್ಟು ಸಲೀಸಾಗಿ ಬಂತು. ಚೊಕ್ಕ ಕಾಲಿನ ಸಲುವಾಗಿ ಗಾಡಿ ಓಡಿತು, ಕೊಳೆತ ಕಾಲಿನ ಸಲುವಾಗಿ ಓಡುತ್ತಿರಲಿಲ್ಲ. ಆ ಗಾಡಿ ಬರುವ ತನಕ ಹುಲಿಗವ್ವ ಇರಬೇಕು. ಒಂದೊಂದು ಸಪ್ಪಳವೂ ಆಕೆಯ ಜೀವದಿಂದ ಒಂದಿಷ್ಟು ಕಿತ್ತುಕೊಂಡು ಹೋಗುತ್ತದೆ, ಕತ್ತಲೆ ಬೇಕು, ಗಪ್ಪು ಬೇಕು. ದವಾಖಾನೆಯಲ್ಲಿ ಬಾಗಿಲು ಹಾಕಿದರೆ ಕತ್ತಲಾಗುವ ಕೋಣೆ ಒಂದೇ, ಹಿಂದುಗಡೆ ಪಂಪಾವತಿ ಅಡಿಗೆ ಮಾಡಿ, ಪೂಜೆ ಮಾಡಿ, ಮಲಗುವ ಕೋಣೆ.

“ಅಲ್ಲಿ ದೇವರ ಮಾಡ ಐತ್ರೀ ಅಕ್ಕಾರ,” ಅಂದಳು ಪಕ್ಕೀರವ್ವ, ದನಿ ತಗ್ಗಿಸಿ. “ಉಣ್ಣೋ ಬಾಂಡೆ ಅದಾವು. ಊರಾಗ ಗೊತ್ತಾದ್ರ ನಾಳಿಂದ ನಿಮ್ಮ ಕೈಲೆ ಪಟ್ಟಿ ಕಟ್ಟಿಸ್ಕೊಳ್ಳಾಕ ಯಾರ ಬರ್ತಾರ?” ಪಂಪಾವತಿ, “ಗಪ್ಪ ಕುಂದರು. ಹರವಿ ಮುಚ್ಚಳ ಸೈತ ಸಪ್ಪಳ ಆಗಬಾರದು,” ಅಂದು ಹುಲಿಗವ್ವನ ಬಗಲಿಗೆ ಕೈ ಹಾಕಿದಳು. ಸಣ್ಣಪ್ಪ ಕಾಲು ಹಿಡಿದ. ಹಲಗೆ ಹೊತ್ತ ಹಾಗೆ ಮೈ ಎಲ್ಲೂ ಬಾಗಲಿಲ್ಲ. ಹೊಸ್ತಿಲ ತನಕ ಬಂದವನು ಅಲ್ಲಿ ನಿಂತುಬಿಟ್ಟ. “ಬ್ಯಾಡ್ರಿ ಯವ್ವಾ, ಒಳಗ ಒಲ್ಲೆರಿ. ನಿಮಗೂ ಪಾಪ, ನಮಗೂ ಪಾಪ.” ಮಾತು ಬೆಳೆಸಿದರೆ ಸಪ್ಪಳವಾಗುತ್ತಿತ್ತು. ಪಂಪಾವತಿ ಇಡೀ ಭಾರವನ್ನು ಎದೆಗೆ ಎಳೆದುಕೊಂಡು ಹೊಸ್ತಿಲು ದಾಟಿದಳು. ಕೀವು ಸೀರೆಗೆ, ಸೀರೆಯಿಂದ ಹೊಟ್ಟೆಗೆ ಬೆಚ್ಚಗೆ ಇಳಿಯಿತು. ಕರುಣೆ ಬರುತ್ತದೆ ಅಂದುಕೊಂಡಿದ್ದಳು. ಬರಲಿಲ್ಲ. ಬಂದದ್ದು ಬರೀ ಹೇಸಿಗೆ. ಹೇಸಿಗೆಪಡುತ್ತಲೇ ತನ್ನ ಹಾಸಿಗೆಯ ಮೇಲೆ ಆಕೆಯನ್ನು ಇಳಿಸಿ, ಸಪ್ಪಳವಾಗದಂತೆ ಕಾಲನ್ನು ಒರೆಸಿ, ಬಾಗಿಲು ಮುಂದೆ ಮಾಡಿ ಸಂದಿಗೆ ಕಂಬಳಿ ತುರುಕಿದಳು.

ಕತ್ತಲೆಗೆ ಕಣ್ಣು ಹೊಂದಿಕೊಳ್ಳುತ್ತ ಬಂದಂತೆ ಹಾಸಿಗೆ ಕಂಡಿತು, ಹಾಸಿಗೆಯ ಮೇಲೆ ಹಲ್ಲು ಕಂಡವು. ಆಕೆ ಮೂಗಿನಿಂದ ಉಸಿರಾಡುತ್ತಿದ್ದಳು. ಹೊರಗೆ ಸಣ್ಣಪ್ಪ ಬಂದವರಿಗೆಲ್ಲ ಕೈಸನ್ನೆ ಮಾಡಿ ದೂರ ಕಳಿಸುತ್ತಿರಬೇಕು, ಒಂದು ಕಾಗೆಯ ದನಿಯೂ ಇರಲಿಲ್ಲ. ಪಂಪಾವತಿಯ ಕೈಮೇಲೆ ಕೀವು ಒಣಗತೊಡಗಿತು. ಚರ್ಮ ಬಿಗಿಯಿತು, ಬೆರಳ ಸಂದಿ ಅಂಟಿತು. ಮೂಗಿನ ತುದಿ ತುರಿಸಿತು, ತುರಿಸಿಕೊಳ್ಳಲು ಇದ್ದದ್ದು ಇದೇ ಕೈ. ಮೈತುಂಬ ಅದೇ, ಬಾಯೊಳಗೂ ಅದೇ ಅನ್ನಿಸಿ, ತಾನು ಇನ್ನೊಂದು ಗಳಿಗೆ ಹೀಗೇ ಕೂತರೆ ಒದರಿಬಿಡುತ್ತೇನೆ ಅನ್ನಿಸಿತು. ಒಂದು ಮೊಳ ದೂರದಲ್ಲಿ ತುಂಬಿದ ತಂಬಿಗೆ ಇತ್ತು, ಪಕ್ಕದಲ್ಲಿ ಬೋಗುಣಿ. ಆಕೆಯ ಕಣ್ಣು ಮುಚ್ಚಿದ್ದವು. ಹಗುರಕ್ಕೆ, ಎಷ್ಟು ಹಗುರಕ್ಕೆ ಸಾಧ್ಯವೋ ಅಷ್ಟು ಹಗುರಕ್ಕೆ ಪಂಪಾವತಿ ತಂಬಿಗೆಯನ್ನು ಬಗ್ಗಿಸಿದಳು. ನೂಲಿನಷ್ಟು ನೀರು. ಅದು ಬೋಗುಣಿಯ ತಳಕ್ಕೆ ಬಿದ್ದದ್ದು ಅವಳಿಗೇ ಸರಿಯಾಗಿ ಕೇಳಿಸಲಿಲ್ಲ.

ಹುಲಿಗವ್ವನ ಬೆನ್ನು ಹಾಸಿಗೆ ಬಿಟ್ಟು ಎದ್ದಿತು. ಹಿಮ್ಮಡಿ ಮತ್ತು ತಲೆಯ ಮೇಲಷ್ಟೇ ಮೈ ನಿಂತು, ಗಂಟಲು ಕಟ್ಟಿ, ಉಸಿರು ನಿಂತಿತು. ಎಷ್ಟೋ ಹೊತ್ತಿನ ಮೇಲೆ ಹಗ್ಗ ಸಡಿಲಾಗಿ ಮೈ ಕೆಳಗಿಳಿಯಿತು, ಸಿಳ್ಳಿನ ಹಾಗೆ ಉಸಿರು ಮರಳಿತು. ಹಣೆಯ ಬೆವರು ಕಿವಿಯೊಳಗೆ ಇಳಿಯುತ್ತಿತ್ತು. ಕಣ್ಣು ತೆರೆದು, ಗಂಟುಬಿದ್ದ ಹಲ್ಲಿನ ಸಂದಿಯಿಂದ, ಒಂದೊಂದೇ ಮಾತನ್ನು ತಳ್ಳಿ ಹುಲಿಗವ್ವ ಹೇಳಿದಳು:

“ತೊಳ್ಕೋರಿ ಯವ್ವಾ. ಕೈ ಹೊಲಸಾಗೇತಿ. ನಾ ತಡ್ಕೋತೀನಿ.”

“ಬ್ಯಾಡ,” ಅಂದಳು ಪಂಪಾವತಿ. ಅಂದ ಮೇಲೆ ನೋಡಿಕೊಂಡರೆ ಅವಳ ಕೈ ಇನ್ನೂ ತಂಬಿಗೆಯ ಮೇಲೇ ಇತ್ತು.